ಮಿಕ್ಸಿ ಅಂಗಡಿಯಲ್ಲಿ ಬದುಕುವ ವ್ಯಾಕ್ಯೂಮ್ ಕ್ಲೀನರ್

ಪುತ್ತೂರು, ಸುಳ್ಯ, ಕಡಬ ಸೀಮೆಯ ತೋಟದ ಮನೆಗಳಲ್ಲಿ ಧೂಳಿಗೂ ಒಂದು ಪಂಚಾಂಗವಿದೆ. ಡಿಸೆಂಬರಿನಿಂದ ಎಪ್ರಿಲ್‌ವರೆಗೆ ಅಂಗಳದಲ್ಲಿ ಅಡಿಕೆ ಒಣಗುವಾಗ ಮುರಮಣ್ಣಿನ ಕೆಂಧೂಳು ಗಾಳಿಗೆದ್ದು ಚಾವಡಿಯವರೆಗೆ ಬರುತ್ತದೆ. ಸುಲಿಯುವ ಯಂತ್ರ ಓಡುವ ದಿನ ಸಿಪ್ಪೆಯ ನಾರುಹುಡಿ ಕಿಟಕಿಯ ಸರಳಿನ ಮೇಲೂ ಕೂರುತ್ತದೆ. ಹೆಂಚಿನ ಮಾಡಿನ ಪಕ್ಕಾಸು, ರೀಪುಗಳಿಂದ ಮರ ಕೊರೆಯುವ ಹುಳ ವರ್ಷವಿಡೀ ಹಿಟ್ಟು ಉದುರಿಸುತ್ತಲೇ ಇರುತ್ತದೆ. ಮಳೆ ಹಿಡಿದ ಮೇಲೆ ಧೂಳು ಅಡಗುತ್ತದೆ, ಅದರ ಜಾಗಕ್ಕೆ ಹಾಸಿಗೆ, ಪುಸ್ತಕ, ಗೋಡೆಗಳ ಮೇಲೆ ಬೂಸ್ಟು ಬರುತ್ತದೆ. ಹಿಡಿಸೂಡಿ ಹಿಡಿದು ಇದನ್ನೆಲ್ಲ ನಿಭಾಯಿಸುತ್ತಿದ್ದ ಕೈಗಳಿಗೆ ಈಗ ವಯಸ್ಸಾಗಿದೆ. ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇರುವ ಮಕ್ಕಳು ಊರಿಗೆ ಬಂದಾಗ ಅಮ್ಮನ ಸೊಂಟನೋವು ಕಂಡು ಒಂದು ವ್ಯಾಕ್ಯೂಮ್ ಕ್ಲೀನರ್ ತಂದುಕೊಡುತ್ತಾರೆ.

ಅದು ಒಂದೆರಡು ವರ್ಷ ಚೆನ್ನಾಗಿಯೇ ಓಡುತ್ತದೆ. ಆಮೇಲೆ ಎಳೆತ ಕಡಿಮೆಯಾಗುತ್ತದೆ, ಸುಟ್ಟ ವಾಸನೆ ಬರುತ್ತದೆ, ಒಂದು ದಿನ ನಿಂತೇ ಹೋಗುತ್ತದೆ. ಕಂಪನಿಯ ಸರ್ವಿಸ್ ಸೆಂಟರ್ ಹುಡುಕಿಕೊಂಡು ಮಂಗಳೂರಿಗೆ ಹೋಗಬೇಕು ಎಂದರೆ ಸುಬ್ರಹ್ಮಣ್ಯದ ಕಡೆಯವರಿಗೆ ಅದು ಹೆಚ್ಚುಕಡಿಮೆ ನೂರು ಕಿಲೋಮೀಟರಿನ ದಾರಿ. ತೋಟದ ಕೆಲಸ ಬಿಟ್ಟು ಯಾರು ಹೋಗುತ್ತಾರೆ? ಯಂತ್ರ ಅಟ್ಟ ಸೇರುತ್ತದೆ, ಅಟ್ಟದಿಂದ ಗುಜರಿಗೆ ಹೋಗುತ್ತದೆ.

ಹೀಗೆ ಗುಜರಿ ಸೇರುವ ಯಂತ್ರಗಳಲ್ಲಿ ಹಲವು ಸತ್ತಿರುವುದಿಲ್ಲ. ಒಳಗೆ ಸವೆದಿರುವುದು ಒಂದು ಸಣ್ಣ ಇದ್ದಿಲ ತುಂಡು, ಕಟ್ಟಿಕೊಂಡಿರುವುದು ಒಂದು ಫಿಲ್ಟರ್, ತುಂಡಾಗಿರುವುದು ಒಂದು ವಯರು. ಅದನ್ನು ಸರಿಮಾಡಬಲ್ಲವರು ಮಂಗಳೂರಿನಲ್ಲಿ ಮಾತ್ರ ಇದ್ದಾರೆ ಎಂಬುದೂ ನಿಜವಲ್ಲ. ಪುತ್ತೂರು, ಸುಳ್ಯ, ಕಡಬ ಪೇಟೆಗಳಲ್ಲಿ ಮಿಕ್ಸಿ ರಿಪೇರಿ ಮಾಡುವವರು ದಿನಾಲೂ ಬಿಚ್ಚುವುದು ಇದೇ ಜಾತಿಯ ಮೋಟಾರನ್ನು.

ಮಿಕ್ಸಿಯಲ್ಲಿ, ವ್ಯಾಕ್ಯೂಮ್ ಕ್ಲೀನರಿನಲ್ಲಿ, ಬಡಗಿಯ ಕೈ ಡ್ರಿಲ್ಲಿನಲ್ಲಿ ಇರುವುದು ಯೂನಿವರ್ಸಲ್ ಮೋಟಾರ್. ಹೊರಗಿನ ಕಾಯಿಲ್, ಒಳಗೆ ತಿರುಗುವ ಆರ್ಮೇಚರ್ ಎರಡೂ ಒಂದೇ ಸಾಲಿನಲ್ಲಿ ಜೋಡಣೆಯಾಗಿರುತ್ತವೆ. ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸಲು ಎರಡು ಕಡೆಯಿಂದ ಸ್ಪ್ರಿಂಗ್ ಒತ್ತಿ ಹಿಡಿದ ಎರಡು ಕಾರ್ಬನ್ ಬ್ರಶ್‌ಗಳು. ಸಣ್ಣ ಗಾತ್ರದಲ್ಲಿ ದೊಡ್ಡ ಶಕ್ತಿ ಕೊಡುವುದು ಇದರ ಗುಣ. ಮಿಕ್ಸಿ ನಿಮಿಷಕ್ಕೆ 18,000 ಸುತ್ತಿನ ಆಸುಪಾಸಿನಲ್ಲಿ ತಿರುಗಿದರೆ, ವ್ಯಾಕ್ಯೂಮ್ ಕ್ಲೀನರಿನ ಮೋಟಾರು 20,000ದಿಂದ 30,000ದವರೆಗೂ ಹೋಗುತ್ತದೆ. ಆ ವೇಗದಲ್ಲಿ ತಾಮ್ರಕ್ಕೆ ಉಜ್ಜಿಕೊಂಡೇ ಇರುವ ಕಾರ್ಬನ್ ಸವೆಯಲೇಬೇಕು. ಸವೆಯಲಿ ಎಂದೇ ಅದನ್ನು ಮೆದುವಾಗಿ ಮಾಡಿರುತ್ತಾರೆ. ಇಲ್ಲವಾದರೆ ತಾಮ್ರ ಸವೆದು ಆರ್ಮೇಚರನ್ನೇ ಎಸೆಯಬೇಕಾಗುತ್ತಿತ್ತು. ಬದಲಾಯಿಸಲೆಂದೇ ಇಟ್ಟಿರುವ ಭಾಗ ಮುಗಿದಾಗ ಇಡೀ ಯಂತ್ರವನ್ನು ಎಸೆಯುತ್ತಿದ್ದೇವೆ ಎಂಬುದು ನನ್ನನ್ನು ನಿಜಕ್ಕೂ ನೋಯಿಸುವ ಸಂಗತಿ.

ಬಿಚ್ಚುವ ಮೊದಲು ಪ್ಲಗ್ ತೆಗೆದು ಸ್ವಲ್ಪ ಹೊತ್ತು ಬಿಡಬೇಕು. ಒಳಗೊಂದು ಕೆಪಾಸಿಟರ್ ಇರುತ್ತದೆ. ಪ್ಲಗ್ ತೆಗೆದ ಕೂಡಲೇ ಅದರ ಪಿನ್ನಿಗೆ ಕೈ ತಗಲಿದರೆ ಚುರುಕ್ಕೆನ್ನಬಹುದು. ಮೇಲಿನ ಕವಚದ ಸ್ಕ್ರೂಗಳಲ್ಲಿ ಒಂದೆರಡು ಹಿಡಿಕೆಯ ಕೆಳಗೋ ಚಕ್ರದ ಹಿಂದೆಯೋ ಅಡಗಿರುವುದು ಸಾಮಾನ್ಯ. ಕೆಲವು ಸ್ಕ್ರೂಗಳಿಗೆ ನಕ್ಷತ್ರದ ತಲೆ, ನಡುವೆ ಒಂದು ಮೊಳೆ; ಅದಕ್ಕೆ ಬೇರೆಯೇ ಬಿಟ್ ಬೇಕು. ಕವಚ ಎದ್ದ ಮೇಲೆ ಒಂದು ಬದಿಯಲ್ಲಿ ವಯರು ಸುತ್ತುವ ರೀಲ್ ಕಾಣುತ್ತದೆ. ಅದರೊಳಗೆ ಬಿಗಿದು ಸುತ್ತಿದ ಉಕ್ಕಿನ ಪಟ್ಟಿಯಿದೆ. ಗೊತ್ತಿಲ್ಲದವರು ಆ ಡಬ್ಬಿಯನ್ನು ಬಿಚ್ಚಲೇಬಾರದು, ಎಗರಿದರೆ ಕೈ ಸೀಳುತ್ತದೆ. ಇನ್ನೊಂದು ಬದಿಯಲ್ಲಿ ರಬ್ಬರಿನ ಬಳೆಗಳ ನಡುವೆ ಕೂತಿರುವುದು ಮೋಟಾರು.

ಮೋಟಾರಿನ ಹಿಂಬದಿಯಲ್ಲಿ ಎದುರುಬದುರಾಗಿ ಎರಡು ಹಿತ್ತಾಳೆ ಗೂಡು, ಒಂದೊಂದಕ್ಕೂ ಒಂದು ಸ್ಕ್ರೂ ಅಥವಾ ಕ್ಲಿಪ್. ಅಲ್ಲಿಂದ ಕಾರ್ಬನ್ ಹೊರಬರುತ್ತದೆ. ಹೊಸದಿದ್ದಾಗ ಸುಮಾರು 3 ಸೆಂಟಿಮೀಟರ್ ಇರುವ ತುಂಡು ಈಗ ಅರ್ಧ ಸೆಂಟಿಮೀಟರಿಗೆ ಇಳಿದಿದ್ದರೆ ಕಾಯಿಲೆ ಸಿಕ್ಕಿತು. ತುದಿ ಆರ್ಮೇಚರಿನ ದುಂಡಿಗೆ ಸರಿಯಾಗಿ ಒಳಬಾಗಿ ಹೊಳೆಯುತ್ತಿದ್ದರೆ ಸಾಧಾರಣ ಸವೆತ. ಅಂಚು ಒಡೆದು, ಸ್ಪ್ರಿಂಗ್ ನೀಲಿಗಟ್ಟಿದ್ದರೆ ಬಿಸಿ ಏರಿದೆ ಎಂದರ್ಥ. ಗೂಡಿನ ತೂತಿನಿಂದ ಟಾರ್ಚ್ ಹಾಯಿಸಿ ನೋಡಿದರೆ ತಾಮ್ರದ ಪಟ್ಟಿಗಳ ಉರುಳೆ ಕಾಣುತ್ತದೆ. ಅದು ಎಲ್ಲ ಕಡೆ ಒಂದೇ ಸಮನೆ ಕಂದುಬಣ್ಣ ತಿರುಗಿದ್ದರೆ ಆರೋಗ್ಯ. ಪಟ್ಟಿ ಪಟ್ಟಿಯ ನಡುವೆ ಕಪ್ಪು ಪುಡಿ ತುಂಬಿದ್ದರೆ ಬಿದಿರಿನ ಸಣ್ಣ ಕಡ್ಡಿಯಿಂದ ಕೆರೆದು ತೆಗೆಯಬೇಕು. ಒಂದೇ ಒಂದು ಪಟ್ಟಿ ಸುಟ್ಟು ಕುಳಿಬಿದ್ದಿದ್ದರೆ ಆರ್ಮೇಚರಿನ ವೈಂಡಿಂಗ್ ಹೋಗಿದೆ. ಅಲ್ಲಿಗೆ ಮನೆಯ ರಿಪೇರಿ ಮುಗಿಯಿತು, ಮುಂದಿನದು ವೈಂಡಿಂಗ್ ಅಂಗಡಿಯ ಕೆಲಸ.

ಹೊಸ ಕಾರ್ಬನ್ ತರುವಾಗ ಕಂಪನಿಯ ಹೆಸರು ಹೇಳಿ ಪ್ರಯೋಜನವಿಲ್ಲ, ಹಳೆಯದನ್ನೇ ಕೈಯಲ್ಲಿ ಹಿಡಿದು ಹೋಗಬೇಕು. ಅಗಲ, ದಪ್ಪ ಸರಿಹೊಂದಬೇಕು, ಗೂಡಿನಲ್ಲಿ ಅಲುಗಾಡದೆ, ಸಿಕ್ಕಿಕೊಳ್ಳದೆ ಜಾರಬೇಕು. ಒಂದು ಮಾತ್ರ ಸವೆದಿದ್ದರೂ ಎರಡನ್ನೂ ಬದಲಾಯಿಸುವುದು ಕ್ರಮ. ಹಾಕಿದ ಕೂಡಲೇ ಪೂರ್ತಿ ವೇಗಕ್ಕೆ ಬಿಡಬಾರದು. ವೇಗ ಕಡಿಮೆ ಮಾಡುವ ಗುಂಡಿ ಇದ್ದರೆ ಕೆಳಗಿನ ವೇಗದಲ್ಲಿ ಕೆಲವು ನಿಮಿಷ ಓಡಿಸಿ ತುದಿ ತಾಮ್ರಕ್ಕೆ ಒಗ್ಗಲು ಬಿಡಬೇಕು. ಮೊದಲಿಗೆ ಸಣ್ಣ ಕಿಡಿ ಕಂಡರೆ ಹೆದರಬೇಕಾಗಿಲ್ಲ.

ಕಿರುಚುವ ಸದ್ದು ಬರುತ್ತಿದ್ದರೆ ಬೇರಿಂಗ್. ಇಂಥ ಅನೇಕ ಮೋಟಾರುಗಳಲ್ಲಿರುವುದು 608 ಎಂಬ ಅಂಕೆಯ ಬೇರಿಂಗ್: ಒಳಗೆ 8, ಹೊರಗೆ 22, ದಪ್ಪ 7 ಮಿಲಿಮೀಟರ್. ಯಾವ ಬೇರಿಂಗ್ ಅಂಗಡಿಯಲ್ಲೂ ಕೇಳಬಹುದಾದ ಮಾಲು. ಫ್ಯಾನ್ ಹಿಡಿದಿರುವ ನಟ್ ಬಿಚ್ಚುವಾಗ ಮಾತ್ರ ಅವಸರ ಕೂಡದು. ಮಿಕ್ಸಿಯ ಕಪ್ಲರ್ ಉಲ್ಟಾ ತಿರುಗಿಸಿ ತೆಗೆದು ಅಭ್ಯಾಸವಿರುವವರಿಗೆ ಇದು ಹೇಳದೆಯೂ ಗೊತ್ತು. ಯಾವ ಕಡೆಗೆ ಬಿಚ್ಚಬೇಕು ಎಂದು ಎಳೆ ನೋಡಿಕೊಂಡೇ ಕೈ ಹಾಕುತ್ತಾರೆ.

ತೋಟದವರಿಗೆ ಈ ಯಂತ್ರ ಅರ್ಥವಾಗಲು ಸುಲಭದ ದಾರಿ ಪಂಪ್‌ಸೆಟ್. ಸೆಂಟ್ರಿಫ್ಯೂಗಲ್ ಪಂಪಿನ ಇಂಪೆಲ್ಲರ್ ನೀರನ್ನು ಅಂಚಿಗೆ ಎಸೆದಾಗ ನಡುವೆ ಒತ್ತಡ ಕುಸಿದು ಹೊಳೆಯ ನೀರು ಏರುತ್ತದಲ್ಲ, ವ್ಯಾಕ್ಯೂಮ್ ಕ್ಲೀನರಿನ ಫ್ಯಾನ್ ಗಾಳಿಗೆ ಮಾಡುವುದು ಅದನ್ನೇ. ಫುಟ್‌ವಾಲ್ವಿನ ಬಳಿ ಗಾಳಿ ಎಳೆದರೆ ಪಂಪು ನೀರೆತ್ತದ ಹಾಗೆ, ಹೋಸ್ ಸೀಳಿದ್ದರೆ ಅಥವಾ ಮುಚ್ಚಳದ ರಬ್ಬರ್ ಗಟ್ಟಿಯಾಗಿದ್ದರೆ ಇದು ಕಸ ಎತ್ತುವುದಿಲ್ಲ. ಗೇಟ್‌ವಾಲ್ವ್ ಮುಚ್ಚಿದಾಗ ಸ್ಟಾರ್ಟರಿನ ಆಂಪಿಯರ್ ಮುಳ್ಳು ಏರುವ ಬದಲು ಇಳಿಯುವುದನ್ನು ಕಂಡವರಿಗೆ ಇನ್ನೊಂದು ಸಂಗತಿಯೂ ತಿಳಿಯುತ್ತದೆ. ಹೋಸ್ ಕಟ್ಟಿಕೊಂಡಾಗ ವ್ಯಾಕ್ಯೂಮ್ ಕ್ಲೀನರ್ ಕೀರಲು ದನಿಯಲ್ಲಿ ಇನ್ನೂ ಜೋರಾಗಿ ಓಡುತ್ತದೆ. ಮೋಟಾರಿಗೆ ಕಷ್ಟವಾಗಿ ಅಳುತ್ತಿದೆ ಎಂದು ಎಲ್ಲರೂ ಭಾವಿಸುತ್ತಾರೆ. ನಿಜದಲ್ಲಿ ತಳ್ಳಲು ಗಾಳಿಯೇ ಇಲ್ಲದ್ದರಿಂದ ಹೊರೆ ಇಳಿದು ವೇಗ ಏರಿರುತ್ತದೆ. ಹೊರೆ ಇಳಿದರೂ ಅಪಾಯ ಇಳಿಯುವುದಿಲ್ಲ. ಮನೆಬಳಕೆಯ ಹೆಚ್ಚಿನ ಯಂತ್ರಗಳಲ್ಲಿ ಎಳೆದುಕೊಂಡ ಗಾಳಿಯೇ ಮೋಟಾರಿನ ಮೈಮೇಲೆ ಹಾಯ್ದು ಅದನ್ನು ತಂಪಾಗಿಡುತ್ತದೆ. ಗಾಳಿ ನಿಂತರೆ ತಂಪೂ ನಿಂತಿತು. ಆಗ ಒಳಗಿನ ಥರ್ಮಲ್ ಕಟ್‌ಔಟ್ ಕರೆಂಟು ಕಡಿಯುತ್ತದೆ. ಯಂತ್ರ ಹೋಯಿತು ಎಂದು ಕೈಚೆಲ್ಲುವ ಎಷ್ಟೋ ಸಲ ನಡೆದಿರುವುದು ಇಷ್ಟೇ. ಹೋಸ್ ಬಿಡಿಸಿ, ಫಿಲ್ಟರ್ ಕೊಡವಿ, ಒಂದು ಗಂಟೆ ತಣಿಯಲು ಬಿಟ್ಟರೆ ಹಲವು ತಾವಾಗಿಯೇ ಎದ್ದು ಕೂರುತ್ತವೆ. ಕೆಲವು ಮಾದರಿಗಳಲ್ಲಿ ಮಾತ್ರ ಒಮ್ಮೆ ಕಡಿದರೆ ಮತ್ತೆ ಕೂಡದ ಥರ್ಮಲ್ ಫ್ಯೂಸ್ ಇರುತ್ತದೆ, ಅದನ್ನು ಬದಲಾಯಿಸಬೇಕು. ತಂತಿ ಹಾಕಿ ನೇರ ಮಾಡುವುದು ಬೆಂಕಿಗೆ ಆಹ್ವಾನ.

ಹೋಸಿನೊಳಗೆ ಏನು ಕಟ್ಟಿಕೊಂಡಿರುತ್ತದೆ ಎಂಬುದರಲ್ಲಿ ಈ ಊರಿಗೆ ತನ್ನದೇ ಪಾಲಿದೆ. ಕೆಲವು ವಾರ ಬಳಸದೆ ಮೂಲೆಯಲ್ಲಿಟ್ಟ ಹೋಸಿನ ಬಾಯಿಯನ್ನು ಕುಂಬಾರ ಕಣಜ ತನ್ನದೇ ಮನೆಯೆಂದುಕೊಳ್ಳುತ್ತದೆ. ಒದ್ದೆ ಮಣ್ಣನ್ನು ಉಂಡೆ ಉಂಡೆಯಾಗಿ ತಂದು ಮೆತ್ತಿ ಗೂಡು ಕಟ್ಟಿ, ಒಳಗೆ ಮೊಟ್ಟೆಯಿಟ್ಟು, ಹುಳ ತುಂಬಿಸಿ ಬಾಯಿ ಮುಚ್ಚಿ ಹೋಗಿರುತ್ತದೆ. ಒಣಗಿದ ಆ ಮಣ್ಣು ಕೋಲಿನಿಂದ ಚುಚ್ಚಿದರೂ ಸುಲಭಕ್ಕೆ ಬಿಡದು. ಇರುವೆಗೆ ಸ್ವಿಚ್ಚಿನ ಸಂದಿ ಇಷ್ಟ, ಇಲಿಗೆ ವಯರಿನ ಪ್ಲಾಸ್ಟಿಕ್. ಯಂತ್ರವನ್ನು ಎತ್ತಿಡುವಾಗ ಹೋಸಿನ ಎರಡೂ ತುದಿಗೆ ಬಟ್ಟೆ ಕಟ್ಟುವುದು ಖರ್ಚಿಲ್ಲದ ಉಪಾಯ.

ಈ ಕಡೆ ಮೋಟಾರು ಕೊಲ್ಲುವ ಇನ್ನೊಂದು ವಸ್ತು ಬೂದಿ. ಬಚ್ಚಲ ಹಂಡೆಯ ಒಲೆ ಇನ್ನೂ ಉರಿಯುವ ಮನೆಗಳು ಇಲ್ಲಿ ಧಾರಾಳವಾಗಿವೆ. ಒಲೆಬುಡದ ಬೂದಿಯನ್ನು ಯಂತ್ರಕ್ಕೆ ಎಳೆಸಿದರೆ ಕೆಲಸ ಸುಲಭ ಎಂದು ತೋರುತ್ತದೆ. ಬೂದಿಯ ಕಣ ಬಟ್ಟೆಚೀಲವನ್ನು ದಾಟುವಷ್ಟು ನಯ. ದಾಟಿ ಬೇರಿಂಗಿಗೆ ಹೋಗುತ್ತದೆ, ಕಾರ್ಬನ್ನಿನ ಗೂಡಿಗೆ ಹೋಗುತ್ತದೆ. ಒಳಗೆಲ್ಲೋ ಒಂದು ಕೆಂಡ ಬದುಕಿದ್ದರೆ ಚೀಲಕ್ಕೇ ಬೆಂಕಿ. ಸಿಮೆಂಟ್, ಪುಟ್ಟಿ ಉಜ್ಜಿದ ಹುಡಿಯೂ ಹಾಗೆಯೇ. ಬೂದಿಗೆ ಹಿಡಿಸೂಡಿಯೇ ಸರಿ.

ಮಳೆಗಾಲದ ತೊಂದರೆ ಬೇರೆ. ಘಟ್ಟದ ಬುಡದ ಈ ತಾಲೂಕುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗುವುದಿಲ್ಲ, ತೊಳೆದ ಫೋಮ್ ಫಿಲ್ಟರ್ ಹೇಗೆ ಒಣಗೀತು? ಹೊರಗಿನಿಂದ ಒಣಗಿದಂತೆ ಕಂಡರೂ ಒಳಪದರದಲ್ಲಿ ನೀರಿರುತ್ತದೆ. ಅದನ್ನು ಹಾಕಿ ಓಡಿಸಿದರೆ ಧೂಳು ಕೆಸರಾಗಿ ರಂಧ್ರ ಮುಚ್ಚುತ್ತದೆ, ತೇವ ನೇರ ಮೋಟಾರಿಗೆ ಹೋಗುತ್ತದೆ, ಮನೆಯಿಡೀ ಬೂಸ್ಟಿನ ವಾಸನೆ. ಬಿಸಿಲಿರುವ ತಿಂಗಳಲ್ಲೇ ತೊಳೆದು, ಮಳೆಗಾಲಕ್ಕೆಂದು ಒಂದು ಒಣ ಫಿಲ್ಟರನ್ನು ಡಬ್ಬಿಯಲ್ಲಿ ಮುಚ್ಚಿಡುವುದು ಒಳ್ಳೆಯದು. ಹೆಪಾ ಎಂದು ಕರೆಯುವ ನಯ ಫಿಲ್ಟರುಗಳಲ್ಲಿ ಕೆಲವನ್ನು ತೊಳೆಯಲೇಬಾರದು. ತೊಳೆಯಬಹುದಾದರೆ ಅದರ ಮೇಲೆ ಬರೆದಿರುತ್ತದೆ.

ಕರೆಂಟಿನ ವಿಷಯದಲ್ಲಿ ಪಂಪಿಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಲೋ ವೋಲ್ಟೇಜಿನಲ್ಲಿ ಪಂಪಿನ ಮೋಟಾರು ಬಿಸಿಯಾಗಿ ವೈಂಡಿಂಗ್ ಸುಡುತ್ತದೆ. ಯೂನಿವರ್ಸಲ್ ಮೋಟಾರು ಸುಮ್ಮನೆ ನಿಧಾನವಾಗುತ್ತದೆ. ಸಂಜೆ ಹೊತ್ತಿನಲ್ಲಿ ಮಾತ್ರ ಎಳೆತ ಕಡಿಮೆ ಎನಿಸಿದರೆ ಯಂತ್ರ ಬಿಚ್ಚುವ ಮೊದಲು ಮೀಟರಿನಲ್ಲಿ ವೋಲ್ಟೇಜ್ ನೋಡಬೇಕು. ಸಿಡಿಲು ಬಡಿದರೆ ಹೋಗುವುದು ಸಾಮಾನ್ಯವಾಗಿ ಮೋಟಾರಲ್ಲ, ವೇಗ ನಿಯಂತ್ರಿಸುವ ಸಣ್ಣ ಎಲೆಕ್ಟ್ರಾನಿಕ್ ಬೋರ್ಡು. ಅದರಲ್ಲಿರುವ ಟ್ರಯಾಕ್ ಎಂಬ ಮೂರು ಕಾಲಿನ ಬಿಡಿಭಾಗ ಶಾರ್ಟ್ ಆದರೆ ಯಂತ್ರ ಒಂದೇ ಪೂರ್ಣ ವೇಗದಲ್ಲಿ ಓಡುತ್ತದೆ, ತೆರೆದುಕೊಂಡರೆ ಓಡುವುದೇ ಇಲ್ಲ. ಫ್ಯಾನ್ ರೆಗ್ಯುಲೇಟರ್ ರಿಪೇರಿ ಮಾಡುವವರಿಗೆ ಇದು ಹೊಸದೇನೂ ಅಲ್ಲ. ಅಮೆರಿಕದಿಂದ ಸೂಟ್‌ಕೇಸಿನಲ್ಲಿ ಬಂದ 120 ವೋಲ್ಟಿನ ಯಂತ್ರವನ್ನು ನಮ್ಮ 230ಕ್ಕೆ ನೇರ ಚುಚ್ಚಿದರೆ ಮಾತ್ರ ಯಾರಿಗೂ ಉಳಿಸಲಾಗದು.

ಮನೆಬಳಕೆಯ ವ್ಯಾಕ್ಯೂಮ್ ಕ್ಲೀನರ್ ಹುಟ್ಟಿದ್ದೇ ಕೈಗೆ ಸಿಕ್ಕಿದ್ದನ್ನು ಜೋಡಿಸಿಕೊಂಡವರೊಬ್ಬರ ಕೈಯಲ್ಲಿ ಎಂಬುದನ್ನು ಇಲ್ಲಿ ಹೇಳಬೇಕು. 1901ರಲ್ಲಿ ಲಂಡನ್ನಿನ ಹ್ಯೂಬರ್ಟ್ ಸೆಸಿಲ್ ಬೂತ್ ಮಾಡಿದ್ದು ಕುದುರೆ ಎಳೆಯುವ ಗಾಡಿಯಷ್ಟು ದೊಡ್ಡ ಯಂತ್ರ. ಅದನ್ನು ಬೀದಿಯಲ್ಲಿ ನಿಲ್ಲಿಸಿ ಕಿಟಕಿಯಿಂದ ಪೈಪು ಒಳಗೆ ಬಿಡುತ್ತಿದ್ದರು. ಅಮೆರಿಕದ ಒಹಾಯೊದಲ್ಲಿ ಕಸ ಗುಡಿಸುವ ಕೆಲಸದಲ್ಲಿದ್ದ, ಧೂಳಿಗೆ ಅಸ್ತಮಾ ಕೆರಳುತ್ತಿದ್ದ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್ ಒಂದು ಫ್ಯಾನಿನ ಮೋಟಾರು, ಪೊರಕೆಯ ಹಿಡಿ, ದಿಂಬಿನ ಚೀಲ ಜೋಡಿಸಿ ಕೈಯಲ್ಲಿ ತಳ್ಳುವ ಯಂತ್ರ ಮಾಡಿ 1908ರಲ್ಲಿ ಪೇಟೆಂಟ್ ಪಡೆದರು. ಆ ಹಕ್ಕು ಹೂವರ್ ಕುಟುಂಬಕ್ಕೆ ಹೋಯಿತು, ಹೆಸರೂ ಅವರದೇ ಆಯಿತು. ನಮ್ಮಲ್ಲಿ 1982ರಲ್ಲಿ ಶುರುವಾದ ಯುರೇಕಾ ಫೋರ್ಬ್ಸ್ ಯುರೋಕ್ಲೀನ್ ಯಂತ್ರವನ್ನು ಮನೆಬಾಗಿಲಿಗೆ ಒಯ್ದು, ಹಾಸಿಗೆಯಿಂದ ಧೂಳೆಳೆದು ತೋರಿಸಿ ಮಾರಿದ ಮೇಲೆ ಮಧ್ಯಮವರ್ಗಕ್ಕೆ ಇದರ ಪರಿಚಯವಾಯಿತು.

ಬೇರೆಡೆಯ ಹೊಸ ತಂತ್ರಕ್ಕೆ ಕಾಯದೆ ಕೈಗೆ ಸಿಕ್ಕಿದ್ದರಲ್ಲಿ ಮಾಡಿಕೊಳ್ಳುವ ಬುದ್ಧಿ ಈ ಸೀಮೆಗೆ ಹೊಸದಲ್ಲ. ಮಂಡ್ಯದ ಪಿ.ಇ.ಎಸ್. ಕಾಲೇಜಿನಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದ ಗಿರೀಶ್ ಭಾರದ್ವಾಜ್ ಊರು ಬಿಟ್ಟು ಹೋಗದೆ ಸುಳ್ಯದಲ್ಲೇ ವರ್ಕ್‌ಶಾಪ್ ನಡೆಸಿದರು. ಆ ವರ್ಕ್‌ಶಾಪಿನ ಅನುಭವದಿಂದಲೇ 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ಅಡ್ಡಲಾಗಿ ತೂಗುಸೇತುವೆ ಎದ್ದಿತು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಪುತ್ತೂರಿನಿಂದ 1988ರಲ್ಲಿ ಹೊರಡತೊಡಗಿದ ಅಡಿಕೆ ಪತ್ರಿಕೆ, ತೋಟದವರು ತಾವೇ ಕಂಡುಕೊಂಡ ಉಪಾಯಗಳನ್ನು ತಾವೇ ಬರೆಯುವಂತೆ ಮಾಡಿತು. ಪುತ್ತೂರಿನ ವಿವೇಕಾನಂದ ಇಂಜಿನಿಯರಿಂಗ್ ಕಾಲೇಜಿನ ಆವರಣದಲ್ಲಿ ಅಡಿಕೆ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೊದ ಸಹಯೋಗದಲ್ಲಿ 2023ರ ಫೆಬ್ರವರಿಯಲ್ಲಿ ನಡೆದ ಕೃಷಿ ಯಂತ್ರಮೇಳವನ್ನು ನೆನಪಿಸಿಕೊಳ್ಳಿ. ಮರ ಏರುವ, ಮದ್ದು ಬಿಡುವ, ಹುಲ್ಲು ಕೊಚ್ಚುವ, ಅಡಿಕೆ ಸುಲಿಯುವ ಯಂತ್ರ ಕೊಳ್ಳುವವರು ಇಲ್ಲಿ ಮೊದಲು ಕೇಳುವುದು ಬೆಲೆ, ಎರಡನೆಯದು ಸ್ಪೇರ್ ಎಲ್ಲಿ ಸಿಗುತ್ತದೆ ಎಂದು. ಮಳೆ ಬಿಟ್ಟ ಎರಡೇ ದಿನದಲ್ಲಿ ಮದ್ದು ಬಿಟ್ಟು ಮುಗಿಸಬೇಕಾದವರಿಗೆ ಸ್ಪ್ರೇಯರ್ ನಿಂತರೆ ಕೊಳೆರೋಗಕ್ಕೆ ಫಸಲು ಹೋಗುತ್ತದೆ. ಅದಕ್ಕೇ ಬೆಳ್ಳಾರೆ, ಗುತ್ತಿಗಾರು, ಉಪ್ಪಿನಂಗಡಿಯಂಥ ಸಣ್ಣ ಪೇಟೆಗಳಿಗೂ ಯಂತ್ರ ಬಿಚ್ಚಿ ಜೋಡಿಸಬಲ್ಲ ಕೈಗಳು ಬೇಕಾದವು.

ತೋಟದ ಯಂತ್ರಕ್ಕೆ ಕೇಳುವ ಈ ಪ್ರಶ್ನೆಯನ್ನು ಮನೆಯೊಳಗಿನ ಯಂತ್ರಕ್ಕೆ ನಾವು ಯಾಕೆ ಕೇಳುವುದಿಲ್ಲ? ಮನೆ ಗುಡಿಸುವವರ ಶ್ರಮಕ್ಕೆ ಫಸಲಿನ ಬೆಲೆ ಕಟ್ಟದಿರುವುದೇ ಕಾರಣ ಎಂದು ನನಗನಿಸುತ್ತದೆ. ಸ್ಪ್ರೇಯರ್ ಕೆಟ್ಟರೆ ಆ ಸಂಜೆಯೇ ಬೈಕಿನಲ್ಲಿ ಕಟ್ಟಿಕೊಂಡು ಪೇಟೆಗೆ ಓಡುತ್ತೇವೆ. ವ್ಯಾಕ್ಯೂಮ್ ಕ್ಲೀನರ್ ಕೆಟ್ಟರೆ ಅಮ್ಮ ಮತ್ತೆ ಬಗ್ಗುತ್ತಾರೆ, ಅಷ್ಟೇ.

ಕಂಪನಿಗಳ ಹೊಣೆಯೂ ಸಣ್ಣದಲ್ಲ. ಯುರೋಪಿನ ಒಕ್ಕೂಟ 2013ರಲ್ಲೇ ನಿಯಮ ತಂದು, 2017ರ ಸೆಪ್ಟೆಂಬರಿನಿಂದ ಮಾರಾಟವಾಗುವ ವ್ಯಾಕ್ಯೂಮ್ ಕ್ಲೀನರಿನ ಮೋಟಾರು ಕನಿಷ್ಠ 500 ಗಂಟೆ ಬಾಳಬೇಕು, ಹೋಸ್ 40,000 ಸಲ ಬಾಗಿದರೂ ಬಳಕೆಗೆ ಬರಬೇಕು ಎಂದಿತು. ವಾರಕ್ಕೆ ಒಂದು ಗಂಟೆ ಬಳಸುವ ಮನೆಯಲ್ಲಿ 500 ಗಂಟೆ ಎಂದರೆ ಒಂಬತ್ತು ವರ್ಷಕ್ಕೂ ಮೇಲೆ. 2024ರಲ್ಲಿ ಅಲ್ಲಿ ಒಪ್ಪಿದ ರಿಪೇರಿ ಹಕ್ಕಿನ ಕಾನೂನಿನ ಪಟ್ಟಿಯಲ್ಲೂ ಈ ಯಂತ್ರವಿದೆ. ನಮ್ಮ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ ರಿಪೇರಿ ಹಕ್ಕಿಗಾಗಿ ಸಮಿತಿ ಮಾಡಿ, ಅದೇ ವರ್ಷ ಡಿಸೆಂಬರ್ 24ರಂದು ಪೋರ್ಟಲ್ ತೆರೆಯಿತು. ಕೃಷಿ ಯಂತ್ರ, ಮೊಬೈಲ್, ವಾಹನಗಳ ಜೊತೆ ಗೃಹೋಪಯೋಗಿ ವಸ್ತುಗಳೂ ಅದರ ವ್ಯಾಪ್ತಿಯಲ್ಲಿವೆ. ಆದರೆ ಕಾರ್ಬನ್ನು, ಫಿಲ್ಟರು, ಹೋಸನ್ನು ಇಷ್ಟು ವರ್ಷ ಬಿಡಿಯಾಗಿ ಮಾರಲೇಬೇಕು ಎಂದು ಕಟ್ಟುನಿಟ್ಟಾಗಿ ಹೇಳುವ ಕಾನೂನು ನಮಗೆ ಬೇಕು. 2023ರ ಎಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮ ಸತ್ತ ಯಂತ್ರದ ಹೊಣೆಯನ್ನು ತಯಾರಕರ ಮೇಲೆ ಹೊರಿಸುತ್ತದೆ. ಸಾಯದಂತೆ ನೋಡಿಕೊಳ್ಳುವ ಹೊಣೆ ಅದಕ್ಕಿಂತ ಮೊದಲು ಬರಬೇಕಿತ್ತು.

ಈಗ ಮಾರುಕಟ್ಟೆಗೆ ಬರುತ್ತಿರುವ ಬ್ಯಾಟರಿ ಯಂತ್ರಗಳ ಬಗ್ಗೆ ನನಗೆ ಭರವಸೆ ಕಡಿಮೆ. ಲಿಥಿಯಂ ಸೆಲ್‌ಗಳನ್ನು ಅಂಟು, ವೆಲ್ಡಿಂಗ್ ಹಾಕಿ ಮುಚ್ಚಿಬಿಡುತ್ತಾರೆ. ಆ ಪ್ಯಾಕ್ ಬಿಡಿಯಾಗಿ ಸಿಗದಿದ್ದರೆ ಅದರ ಜೊತೆ ಯಂತ್ರವೂ ಮುಗಿಯಿತು. ಸಾಲುಸಾಲು ಹೊಸ್ತಿಲುಗಳಿರುವ ಹಳೆಯ ಮನೆಗಳಲ್ಲಿ ರೋಬೋಟ್ ಒಂದು ಕೋಣೆಯಾಚೆ ಹೋಗುವುದಿಲ್ಲ. ವಯರಿನ ಹಳೆಯ ಯಂತ್ರವೇ ಇಲ್ಲಿಗೆ ಸರಿ ಎನ್ನುವುದು ನನ್ನ ಅಭಿಪ್ರಾಯ.

ಆಮ್‌ಸ್ಟರ್‌ಡ್ಯಾಮಿನಲ್ಲಿ ಮಾರ್ಟಿನ್ ಪೋಸ್ಟ್‌ಮಾ 2009ರಲ್ಲಿ ರಿಪೇರಿ ಕೆಫೆ ಆರಂಭಿಸಿದರು. ಕೆಟ್ಟ ವಸ್ತು ತಂದವರು, ಸರಿಮಾಡಲು ಬಲ್ಲವರು ಒಂದೇ ಮೇಜಿನಲ್ಲಿ ಕೂರುವ ಆ ಕ್ರಮವನ್ನು ಅಂತರಾ ಮುಖರ್ಜಿ, ಪೂರ್ಣಾ ಸರ್ಕಾರ್ 2015ರಲ್ಲಿ ಬೆಂಗಳೂರಿಗೆ ತಂದರು. ಪುತ್ತೂರಿನಲ್ಲಿ ಇಂಜಿನಿಯರಿಂಗ್ ಕಾಲೇಜಿದೆ, ಸುಳ್ಯದಲ್ಲಿ ಕೆ.ವಿ.ಜಿ. ಸಂಸ್ಥೆಗಳ ಇಂಜಿನಿಯರಿಂಗ್ ಕಾಲೇಜು, ಪಾಲಿಟೆಕ್ನಿಕ್ ಎರಡೂ ಇವೆ. ಮಳೆಗಾಲ ಮುಗಿದ ಮೇಲೆ ವರ್ಷಕ್ಕೊಂದು ಭಾನುವಾರ ವಿದ್ಯಾರ್ಥಿಗಳನ್ನೂ ಪೇಟೆಯ ಅನುಭವಿ ಮಿಕ್ಸಿ ಮೆಕ್ಯಾನಿಕ್‌ಗಳನ್ನೂ ಒಟ್ಟಿಗೆ ಕೂರಿಸಿ ಊರವರ ಯಂತ್ರ ಬಿಚ್ಚಿಸಬಹುದು. ಕಲಿಸುವ ಜಾಗದಲ್ಲಿ ಆ ಮೆಕ್ಯಾನಿಕ್‌ಗಳೇ ಕೂರಬೇಕು, ಅವರಿಗೆ ಸಂಭಾವನೆಯೂ ಸಲ್ಲಬೇಕು. ಅಂಗಡಿಗಳಲ್ಲಿರುವ ಆ ವಿದ್ಯೆಯನ್ನು ಕಲಿಯಲು ಹೊಸ ಹುಡುಗರು ಬರುತ್ತಿಲ್ಲ ಎಂಬುದು ಯಾವ ಅಂಗಡಿಯ ಮುಂದೆ ನಿಂತರೂ ಕಾಣುತ್ತದೆ.

ಹೊಸ ಯಂತ್ರ ಕೊಳ್ಳುವ ಮಕ್ಕಳಿಗೆ ಒಂದು ಕೋರಿಕೆ. ಎಷ್ಟು ವಾಟ್, ಎಷ್ಟು ರಿಯಾಯಿತಿ ಎಂದು ನೋಡುವುದರ ಜೊತೆಗೆ ಕಾರ್ಬನ್ ಬ್ರಶ್, ಫಿಲ್ಟರ್, ಹೋಸ್ ಬಿಡಿಯಾಗಿ ಸಿಗುತ್ತದೆಯೇ ಎಂದು ಕೇಳಿ. ಸಿಗುವುದಾದರೆ ಯಂತ್ರದ ಜೊತೆಗೇ ಒಂದು ಜೋಡಿ ಕಾರ್ಬನ್ನು, ಒಂದು ಫಿಲ್ಟರು ಕೊಂಡು ಅಪ್ಪ ಅಮ್ಮನ ಕೈಗೆ ಕೊಡಿ. ಸಿಗುವುದಿಲ್ಲ ಎಂದರೆ ಆ ಯಂತ್ರ ಬಿಟ್ಟು ಬೇರೆಯದನ್ನು ನೋಡಿ. ವಾರಂಟಿ ಇದ್ದೂ ಬಿಡಿಭಾಗ ಕೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಅಲ್ಲಿ ಕನ್ನಡದಲ್ಲೇ ದೂರು ಹೇಳಬಹುದು.